ಯಾರೂ ಮತ ಹಾಕದೆ ಕೂತ ಸದನಕ್ಕೆ ಅಧಿಕಾರ ಎಲ್ಲಿಂದ? ನೇಪಾಳವನ್ನು ಹತ್ತಿರದಿಂದ ಕಂಡವರು ಇದ್ದೀರಾ?

ಪೆರ್ಲದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯಶಾಸ್ತ್ರ ಎಂ.ಎ. ಎರಡನೆಯ ವರ್ಷದಲ್ಲಿದ್ದೇನೆ. ಪ್ಲಸ್ ಟು ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ತರಗತಿಯಲ್ಲಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕೇಳಿಸಿಕೊಂಡದ್ದನ್ನು ಮನೆಗೆ ಬಂದು ಕನ್ನಡದಲ್ಲಿ ಯೋಚಿಸಿದಾಗಲೇ ನನಗೆ ಪೂರ್ತಿ ಅರ್ಥವಾಗುವುದು. ಅದಕ್ಕಾಗಿ ಇಲ್ಲಿ ಕೇಳುತ್ತಿದ್ದೇನೆ.

ಬರುವ ತಿಂಗಳು ನನ್ನ ಸೆಮಿನಾರ್. ಅಂತರ್ಯುದ್ಧ ಮುಗಿದ ದೇಶಗಳಲ್ಲಿ ಚುನಾವಣೆ ನಡೆಯುವವರೆಗೆ ಕೂರುವ ಮಧ್ಯಂತರ ಶಾಸನಸಭೆಗಳೇ ವಿಷಯ. ಮೂರು ಉದಾಹರಣೆ ಇಟ್ಟುಕೊಂಡಿದ್ದೇನೆ. ಲೈಬೀರಿಯಾದಲ್ಲಿ 2003ರ ಒಪ್ಪಂದದ ಪ್ರಕಾರ 76 ಸ್ಥಾನಗಳ ಸಭೆ. ಹಿಂದಿನ ಸರ್ಕಾರಕ್ಕೆ 12, ಅದರ ವಿರುದ್ಧ ಹೋರಾಡಿದ ಎರಡು ಬಂಡುಕೋರ ಗುಂಪುಗಳಿಗೆ ತಲಾ 12, ಮಿಕ್ಕವು ಪಕ್ಷಗಳಿಗೆ, ನಾಗರಿಕ ಸಂಘಟನೆಗಳಿಗೆ ಮತ್ತು ಜಿಲ್ಲೆಗಳಿಗೆ. ನೇಪಾಳದಲ್ಲಿ 2007ರಲ್ಲಿ 330 ಸ್ಥಾನ. ದಕ್ಷಿಣ ಸುಡಾನಿನಲ್ಲಿ 550.

ನನ್ನ ಸಂಶಯ ಇದು. ಜನರು ಆರಿಸದ ಸಭೆಗೆ ಕಾನೂನು ಮಾಡುವ ಅಧಿಕಾರ ಎಲ್ಲಿಂದ ಬರುತ್ತದೆ? ಪುಸ್ತಕಗಳಲ್ಲಿ "ಶಾಂತಿ ಒಪ್ಪಂದದಿಂದ" ಎಂಬ ಉತ್ತರ ಇದೆ. ಆದರೆ ಒಪ್ಪಂದಕ್ಕೆ ಸಹಿ ಹಾಕಿದವರು ಕೋವಿ ಹಿಡಿದವರು. ಹಟ್ಟಿ ಸುಟ್ಟುಹೋದವಳು, ಮಗನನ್ನು ಕಳೆದುಕೊಂಡವಳು ಸಹಿ ಹಾಕಲಿಲ್ಲ. ಅವಳ ಪಾಲಿಗೆ ಆ ಸದನ ಏನಾಗಿತ್ತು? ಅಂಥ ಸಮಯದಲ್ಲಿ ಅಂಥ ದೇಶದಲ್ಲಿ ಇದ್ದು ಬಂದವರು ನಮ್ಮ ಕಡೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ನೀರ್ಚಾಲಿನ ನಿವೃತ್ತ ಮಾಸ್ತರ:

ಪ್ರಶ್ನೆ ಚೆನ್ನಾಗಿದೆ ಮಗಳೇ. ನೇಪಾಳಕ್ಕೆ ಹೋಗುವ ಮೊದಲು ನಮ್ಮ ದೇಶವನ್ನೇ ಒಮ್ಮೆ ನೋಡು. 1946ರ ಡಿಸೆಂಬರ್ 9ರಂದು ಮೊದಲ ಬಾರಿ ಸೇರಿದ ನಮ್ಮ ಸಂವಿಧಾನ ರಚನಾ ಸಭೆಯನ್ನು ಜನರು ನೇರವಾಗಿ ಆರಿಸಿರಲಿಲ್ಲ. ಪ್ರಾಂತ್ಯಗಳ ಶಾಸಕರು ಆರಿಸಿದ್ದರು, ಆ ಶಾಸಕರನ್ನು ಆರಿಸಿದವರು ಆಸ್ತಿಯೋ ವಿದ್ಯೆಯೋ ಇದ್ದ ಕೆಲವರು. ಅದೇ ಸಭೆ 1950ರ ಜನವರಿ 26ರಿಂದ 1952ರ ತನಕ ತಾತ್ಕಾಲಿಕ ಸಂಸತ್ತಾಗಿ ಕೆಲಸ ಮಾಡಿತು. ಸಂವಿಧಾನದ ಮೊದಲನೆಯ ತಿದ್ದುಪಡಿಯನ್ನು 1951ರಲ್ಲಿ ಮಾಡಿದ್ದು ಆ ಸಂಸತ್ತೇ. ನಾವು ಇಂದಿಗೂ ಮತ ಹಾಕುವುದು ಅದು ಮಾಡಿಕೊಟ್ಟ ಜನಪ್ರತಿನಿಧಿ ಕಾಯ್ದೆಗಳ ಪ್ರಕಾರ.

ಇನ್ನೊಂದು ಮಾತು. ಆಗ ನಮ್ಮ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಅದನ್ನು ಕೇರಳಕ್ಕೆ ಸೇರಿಸಿದ ಕಾನೂನನ್ನು ಮಾಡಿದ್ದು ಜನರು ಮತ ಹಾಕಿ ಆರಿಸಿದ ಸಂಸತ್ತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಇಂದಿಗೂ ಕಡತದಲ್ಲೇ ಇದೆ. ಮತ ಹಾಕಿ ಆರಿಸಿದ ಸದನ ನಮ್ಮ ಮಾತನ್ನು ಕೇಳಿಸಿಕೊಳ್ಳಲಿಲ್ಲ ಎಂಬ ನೋವನ್ನು ನನ್ನ ತಂದೆ ಕೊನೆಯವರೆಗೂ ಇಟ್ಟುಕೊಂಡಿದ್ದರು. ಹಾಗಾಗಿ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವಾಗ ಆ ಸದನದಲ್ಲಿ ಯಾರ ಮಾತು ಕೇಳಿಸಿತು ಎಂಬುದನ್ನೂ ಸೇರಿಸಿ ಕೇಳು.

ಬದಿಯಡ್ಕದ ಅಡಿಗೆಯವ:

ಮಾಸ್ತರರು ಇಷ್ಟು ಹೇಳಿದ ಮೇಲೆ ನಾನು ಬರೆಯುವುದು ಸರಿಯೇ ಎಂದು ಎರಡು ದಿನ ಯೋಚಿಸಿದೆ. ತಂಗಿ ಕೇಳಿದ್ದು ಕಂಡವರನ್ನು. ನಾನು ಕಂಡಿದ್ದೇನೆ, ಹಾಗಾಗಿ ಬರೆಯುತ್ತೇನೆ.

2004ರಿಂದ 2014ರ ಆರಂಭದವರೆಗೆ ನಾನು ಕಾಠ್ಮಂಡುವಿನ ನಯಾ ಬಾನೇಶ್ವರದಲ್ಲಿ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವನು. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರು, ಕಷ್ಟಕ್ಕೆ ಕನ್ನಡ ಮಾತನಾಡುವವರು ನಾಲ್ಕು ಜನ ಸಿಕ್ಕಾರು ಎಂಬ ಧೈರ್ಯದಲ್ಲಿ ಮನೆಯವರು ಕಳುಹಿಸಿಕೊಟ್ಟರು. ನಾನು ಹೋಗುವಾಗ ಯುದ್ಧ ನಡೆಯುತ್ತಿತ್ತು. 1996ರ ಫೆಬ್ರವರಿಯಲ್ಲಿ ಮಾವೋವಾದಿಗಳು ಆರಂಭಿಸಿದ ಯುದ್ಧ. ಪೇಟೆಯಲ್ಲಿ ಕೋವಿಯ ಸದ್ದು ಅಪರೂಪ. ಆದರೆ ಬೆಟ್ಟದ ಮೇಲಿನಿಂದ ತರಕಾರಿ ತರುವ ಲಾರಿ ಬಾರದ ದಿನ ನಮಗೆ ಯುದ್ಧ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತಿತ್ತು. ಈರುಳ್ಳಿ ಇಲ್ಲದೆ ಮಸಾಲೆ ದೋಸೆಯ ಪಲ್ಯ ಮಾಡಿದ ದಿನಗಳು ನನಗೆ ಲೆಕ್ಕ ಸಿಗುವುದಿಲ್ಲ.

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ. 330 ಜನರ ಆ ಸದನ ಹೇಗೆ ಆಯಿತು ಎಂದರೆ, ಮೊದಲು ಒಂದು ಸತ್ತುಹೋಗಿದ್ದ ಸದನಕ್ಕೆ ಜೀವ ಬಂತು. 1999ರಲ್ಲಿ ಜನ ಆರಿಸಿದ್ದ ಸಭೆಯನ್ನು 2002ರಲ್ಲಿ ವಿಸರ್ಜಿಸಿದ್ದರು. 2006ರ ಏಪ್ರಿಲಿನಲ್ಲಿ ಅರಸರ ಆಳ್ವಿಕೆಯ ವಿರುದ್ಧ 19 ದಿನ ಜನ ರಸ್ತೆಗೆ ಇಳಿದರು. ಕರ್ಫ್ಯೂ ಇತ್ತು, ಹೋಟೆಲಿನ ಬಾಗಿಲು ಮುಚ್ಚಿತ್ತು, ನಾವು ಆರು ಜನ ಒಳಗೆ ಗಂಜಿ ಬೇಯಿಸಿ ಉಂಡು ಮಾಡಿನ ಮೇಲೆ ಹತ್ತಿ ನೋಡುತ್ತಿದ್ದೆವು. ಏಪ್ರಿಲ್ 24ರ ನಡುರಾತ್ರಿ ಅರಸ ಜ್ಞಾನೇಂದ್ರರು ಟಿವಿಯಲ್ಲಿ ಬಂದು ಹಳೆಯ ಸಭೆಯನ್ನು ಪುನಃ ಕೂರಿಸಿದ್ದೇನೆ ಎಂದರು. ಅದೇ ಸಭೆ ಮೇ 18ರಂದು ಅರಸರ ಅಧಿಕಾರವನ್ನೇ ಕಿತ್ತುಕೊಂಡಿತು. ನವೆಂಬರ್ 21ರಂದು ಪ್ರಧಾನಿ ಗಿರಿಜಾಪ್ರಸಾದ್ ಕೊಯಿರಾಲರೂ ಮಾವೋವಾದಿಗಳ ನಾಯಕ ಪ್ರಚಂಡರೂ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. 2007ರ ಜನವರಿ 15ರಂದು ಹಳೆಯ ಸಭೆ ಮಧ್ಯಂತರ ಸಂವಿಧಾನವನ್ನು ಜಾರಿಗೆ ತಂದು ತಾನು ಎದ್ದುಹೋಯಿತು, ಅದೇ ರಾತ್ರಿ ಹೊಸ ಸದನ ಕೂತಿತು. ಹಳೆಯ ಸಂಸತ್ತಿನವರು 209, ಮಾವೋವಾದಿಗಳು 73, ಬೇರೆ ಬೇರೆ ಪಕ್ಷ ಮತ್ತು ಸಮುದಾಯಗಳಿಂದ ಹೆಸರಿಸಿದವರು 48.

ಆ ರಾತ್ರಿ ಹೋಟೆಲಿನ ಟಿವಿಯ ಮುಂದೆ ಕೆಲಸದವರೆಲ್ಲ ನಿಂತಿದ್ದರು. ನಮ್ಮಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗ ಬರ್ದಿಯಾ ಜಿಲ್ಲೆಯವನು, ಥಾರು ಜನಾಂಗ. 2002ರಲ್ಲಿ ಸಮವಸ್ತ್ರದವರು ಅವನ ಅಣ್ಣನನ್ನು ಗದ್ದೆಯ ಬದಿಯಿಂದ ಕರೆದೊಯ್ದಿದ್ದರು, ಆತ ಮರಳಿ ಬರಲಿಲ್ಲ. ಪ್ರಮಾಣವಚನಕ್ಕೆ ಎದ್ದುನಿಂತವರಲ್ಲಿ ಹಳ್ಳಿಯ ಹೆಂಗಸರಿದ್ದರು, ದಲಿತರಿದ್ದರು, ಥಾರು ಮುಖಗಳಿದ್ದವು. ಕೈಯಲ್ಲಿ ಸಾಬೂನಿನ ನೊರೆ ಇಟ್ಟುಕೊಂಡೇ ಅವನು ಕೇಳಿದ: "ಇವರು ನಮ್ಮವರ ಹಾಗೆ ಕಾಣುತ್ತಾರಲ್ಲ, ಒಳಗೆ ಬಿಟ್ಟರೇ?" ತಂಗೀ, ಅವನು ಯಾರಿಗೂ ಮತ ಹಾಕಿರಲಿಲ್ಲ. ಆದರೂ ಆ ರಾತ್ರಿ ಆ ಸದನ ಅವನದ್ದಾಗಿತ್ತು. ನಿನ್ನ ಪುಸ್ತಕದಲ್ಲಿ ಇದಕ್ಕೆ ಏನು ಹೆಸರಿದೆಯೋ ನೋಡು.

ಎರಡು ದಿನ ಕಳೆದು, ಜನವರಿ 17ರಿಂದ, ವಿಶ್ವಸಂಸ್ಥೆಯವರು ಮಾವೋವಾದಿಗಳ ಆಯುಧಗಳನ್ನು ನೋಂದಾಯಿಸಲು ಆರಂಭಿಸಿದರು. ಏಳು ಮುಖ್ಯ ಶಿಬಿರ, 21 ಉಪಶಿಬಿರ. ಆಯುಧಗಳನ್ನು ಕಂಟೈನರಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಮಾವೋವಾದಿಗಳ ಹತ್ತಿರವೇ ಉಳಿಯಿತು, ಯಾರಾದರೂ ತೆರೆಯಲು ಹೋದರೆ ಸೈರನ್ ಕೂಗುವ ವ್ಯವಸ್ಥೆ. ಅಷ್ಟೇ ಸಂಖ್ಯೆಯ ಆಯುಧಗಳನ್ನು ನೇಪಾಳದ ಸೇನೆಯೂ ಇಟ್ಟಿತು. ಕೊನೆಗೆ ಲೆಕ್ಕಕ್ಕೆ ಬಂದದ್ದು 3,475 ಆಯುಧ, ಪರಿಶೀಲನೆಯ ನಂತರ ಹೋರಾಟಗಾರರೆಂದು ಒಪ್ಪಿಕೊಂಡದ್ದು 19,602 ಜನರನ್ನು. ಸದನದ ಕುರ್ಚಿಯೂ ಕಂಟೈನರಿನ ಬೀಗವೂ ಒಂದೇ ವಾರದಲ್ಲಿ ಬಂದದ್ದನ್ನು ನೀನು ಸೆಮಿನಾರಿನಲ್ಲಿ ಒಟ್ಟಿಗೆ ಇಟ್ಟು ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದು ಆಗುತ್ತಿರಲಿಲ್ಲ. ಪ್ರಚಂಡರೂ ಬಾಬುರಾಮ್ ಭಟ್ಟರಾಯರೂ ಆ ಸದನದ ಸದಸ್ಯರಾಗಲಿಲ್ಲ, ಪಕ್ಷವನ್ನು ಅಲ್ಲಿ ಮುನ್ನಡೆಸಿದವರು ಕೃಷ್ಣಬಹಾದ್ದೂರ್ ಮಹರಾ. ನಾಯಕರು ಹೊರಗೆ, ಕಾರ್ಯಕರ್ತರು ಒಳಗೆ. ಮುಂದೆ ಬಂದ ರೋಗದ ಬೀಜ ಅಲ್ಲೇ ಇತ್ತು ಎಂದು ನನಗೆ ಈಗ ಅನಿಸುತ್ತದೆ.

ಮಧ್ಯಂತರ ಸಂವಿಧಾನ ಬಂದ ಮರುದಿನವೇ ಕಾಠ್ಮಂಡುವಿನ ಮೈತಿಘರ್‌ನಲ್ಲಿ ಅದರ ಪ್ರತಿಗೆ ಬೆಂಕಿ ಕೊಟ್ಟರು. ಕೊಟ್ಟವರು ಮಧೇಶಿಗಳು, ಎಂದರೆ ಬಿಹಾರ, ಉತ್ತರ ಪ್ರದೇಶಗಳಿಗೆ ತಾಗಿದ ಬಯಲುಸೀಮೆಯ ಜನ. ಮನೆಯಲ್ಲಿ ಮೈಥಿಲಿ, ಭೋಜಪುರಿ ಆಡುವವರು. ಎಷ್ಟು ತಲೆಮಾರು ಅಲ್ಲೇ ಬದುಕಿದ್ದರೂ "ನೀವು ಭಾರತದವರು" ಎಂದು ಕೇಳಿಸಿಕೊಂಡವರು. ಹೊಸ ಸಂವಿಧಾನದಲ್ಲಿ ಒಕ್ಕೂಟ ವ್ಯವಸ್ಥೆಯ ಮಾತೇ ಇಲ್ಲ ಎಂಬುದು ಅವರ ಸಿಟ್ಟು. ತರಾಯಿ ಎಂದು ಕರೆಯುವ ಆ ಬಯಲುಸೀಮೆಯಲ್ಲಿ ವಾರಗಟ್ಟಲೆ ಬಂದ್ ನಡೆಯಿತು, ಜನ ಸತ್ತರು. ಮಾರ್ಚ್ ತಿಂಗಳಲ್ಲೇ ಆ ಸದನ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಮಾಡಿ ಒಕ್ಕೂಟ ವ್ಯವಸ್ಥೆಯನ್ನು ಒಪ್ಪಿಕೊಂಡಿತು. ಎರಡು ತಿಂಗಳೂ ತುಂಬಿರಲಿಲ್ಲ.

ನಾನು ಗಡಿನಾಡಿನವನು. ಇಲ್ಲಿಯ ಕಚೇರಿಯಲ್ಲಿ ಅರಿಯದ ಭಾಷೆಯ ಅರ್ಜಿ ಕೈಗೆ ಕೊಟ್ಟು "ತುಂಬಿಸಿ" ಎಂದಾಗ ನನ್ನ ಅಮ್ಮ ನಿಂತಿದ್ದ ರೀತಿ ನನಗೆ ನೆನಪಿದೆ. ಮಧೇಶದ ಗಿರಾಕಿಗಳು ನಮ್ಮ ಹೋಟೆಲಿನಲ್ಲಿ ದನಿ ತಗ್ಗಿಸಿ ಮೈಥಿಲಿ ಮಾತನಾಡುವುದನ್ನು ಕಂಡಾಗಲೆಲ್ಲ ಆ ನೆನಪು ಬರುತ್ತಿತ್ತು. 2008ರ ಜುಲೈಯಲ್ಲಿ ಉಪರಾಷ್ಟ್ರಪತಿ ಪರಮಾನಂದ ಝಾ ಹಿಂದಿಯಲ್ಲಿ ಪ್ರಮಾಣವಚನ ತೆಗೆದುಕೊಂಡರು. ಕಾಠ್ಮಂಡುವಿನಲ್ಲಿ ಅದಕ್ಕೆ ದೊಡ್ಡ ಗಲಾಟೆ. ಅದು ಸಿಂಧುವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಕೊನೆಗೆ ಮಧ್ಯಂತರ ಸಂವಿಧಾನವನ್ನೇ ತಿದ್ದಿ, 2010ರ ಫೆಬ್ರವರಿಯಲ್ಲಿ ಅವರು ನೇಪಾಳಿಯಲ್ಲಿಯೂ ಮೈಥಿಲಿಯಲ್ಲಿಯೂ ಪ್ರಮಾಣ ಮಾಡಿದರು. ಆ ದಿನ ಜನಕಪುರದ ಕಡೆಯ ಒಬ್ಬ ಗಿರಾಕಿ ಇಡೀ ಮೇಜಿನವರ ದುಡ್ಡು ತಾನೇ ಕೊಟ್ಟ. 2021ರಲ್ಲಿ ನಮ್ಮ ಮಂಜೇಶ್ವರದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಹೇಳಿದಾಗ ನನಗೆ ಆ ಗಿರಾಕಿಯ ಮುಖ ನೆನಪಾಯಿತು.

ಚುನಾವಣೆ ಎರಡು ಸಲ ಮುಂದೆ ಹೋಗಿ 2008ರ ಏಪ್ರಿಲ್ 10ರಂದು ಆಯಿತು. 601 ಜನರ ಸಂವಿಧಾನ ಸಭೆ, ಅದರಲ್ಲಿ 197 ಮಹಿಳೆಯರು. ಆ ಸಭೆ ಕೂತದ್ದು ನಮ್ಮ ನಯಾ ಬಾನೇಶ್ವರದ ಸಮ್ಮೇಳನ ಕೇಂದ್ರದಲ್ಲಿ, ಹೋಟೆಲಿನಿಂದ ಐದು ನಿಮಿಷದ ನಡಿಗೆ. ಮೇ 28ರಂದು 560 ಮತಗಳಿಗೆ 4 ಮತಗಳ ಎದುರು ರಾಜತ್ವ ಕೊನೆಗೊಂಡಿತು. ಬೀದಿಯಲ್ಲಿ ಜನ ಕುಣಿದರು. ನಾವು ಕಡುಬಿಗೆ ಇಟ್ಟಿದ್ದ ಬೆಲ್ಲವನ್ನೆಲ್ಲ ಕರಗಿಸಿ ಪಾಯಸ ಮಾಡಿ ಹಂಚಿದೆವು.

ಮರುವರ್ಷದ ಚಳಿಗಾಲದಲ್ಲಿ ದಿನಕ್ಕೆ 16 ಗಂಟೆ ಕರೆಂಟಿಲ್ಲ. ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಎದ್ದು ಗ್ರೈಂಡರ್ ತಿರುಗಿಸಬೇಕು, ರಾತ್ರಿ ಎರಡಾದರೂ ಸರಿ. ನಮ್ಮ ಊರಿನಲ್ಲಿ ಒಂದು ರಾತ್ರಿಗೆ ಹುಳಿ ಬರುವ ಹಿಟ್ಟು ಅಲ್ಲಿ ಗೋಣಿ ಸುತ್ತಿ ಒಲೆಯ ಬದಿಯಲ್ಲಿಟ್ಟರೂ ಎರಡು ರಾತ್ರಿ ತೆಗೆದುಕೊಳ್ಳುತ್ತಿತ್ತು. ಆ ಚಳಿಯಲ್ಲಿ ಬೆಳಿಗ್ಗೆ ಏಳಕ್ಕೆ ಸದಸ್ಯರು ಬರುತ್ತಿದ್ದರು. ಕರ್ಣಾಲಿ ಕಡೆಯ ಒಬ್ಬರು ತಾಯಿ, ನಲವತ್ತು ದಾಟಿದವರು, ಇಡ್ಲಿ ಸಾಂಬಾರು ಬಿಟ್ಟು ಬೇರೆ ಕೇಳುತ್ತಿರಲಿಲ್ಲ. ಅಕ್ಷರ ಕಲಿತದ್ದು ಸದಸ್ಯೆಯಾಗುವ ಸ್ವಲ್ಪ ಮೊದಲು ಎಂದು ಹೇಳಿದ್ದರು. ಕರಡು ವರದಿಗಳ ಕಟ್ಟನ್ನು ಮೇಜಿನ ಮೇಲಿಟ್ಟು ಬೆರಳಿಟ್ಟು ಓದುತ್ತಿದ್ದರು, ಗೊತ್ತಾಗದ ಪದವನ್ನು ಪಕ್ಕದ ಮೇಜಿನವರಲ್ಲಿ ಕೇಳುತ್ತಿದ್ದರು. ಆ ತಾಯಿಯಷ್ಟು ಶ್ರದ್ಧೆಯಿಂದ ಸಂಬಳಕ್ಕೆ ದುಡಿದ ಜನಪ್ರತಿನಿಧಿಯನ್ನು ನಾನು ನೋಡಿಲ್ಲ.

ಇಷ್ಟೆಲ್ಲ ಇದ್ದೂ ಅದು ಕೆಟ್ಟಿತು. ಮುಖ್ಯವಾದದ್ದೆಲ್ಲ ಸದನದ ಹೊರಗೆ, ನಾಲ್ಕೈದು ನಾಯಕರ ಮನೆಗಳಲ್ಲಿ ತೀರ್ಮಾನವಾಗುತ್ತಿತ್ತು. ಆ ತಾಯಿಯಂಥವರು ಸಮಿತಿಯಲ್ಲಿ ಓದಿ ಬರೆದು ತಂದದ್ದು ಅಲ್ಲಿ ಕಟ್ಟು ಬಿಚ್ಚದೆ ಉಳಿಯುತ್ತಿತ್ತು. 2010ರ ಜೂನ್ ಕೊನೆಗೆ ಪ್ರಧಾನಿ ರಾಜೀನಾಮೆ ಕೊಟ್ಟರು, ಹೊಸಬರನ್ನು ಆರಿಸಲು 2011ರ ಫೆಬ್ರವರಿ 3ರ ತನಕ 17 ಸುತ್ತು ಮತದಾನ ಆಯಿತು. ಎರಡು ವರ್ಷಕ್ಕೆಂದು ಬಂದ ಸಭೆ ನಾಲ್ಕು ಸಲ ಅವಧಿ ವಿಸ್ತರಿಸಿಕೊಂಡಿತು: ಒಂದು ವರ್ಷ, ಮೂರು ತಿಂಗಳು, ಪುನಃ ಮೂರು ತಿಂಗಳು, ಆರು ತಿಂಗಳು. ಇನ್ನು ಸಾಕು ಎಂದು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು.

ಕೊನೆಯ ದಿನ 2012ರ ಮೇ 27. ರಾಜ್ಯಗಳ ಗಡಿ ಎಲ್ಲಿ ಎಳೆಯುವುದು, ಅವುಗಳಿಗೆ ಜನಾಂಗದ ಹೆಸರಿಡಬೇಕೇ ಬೇಡವೇ ಎಂಬಲ್ಲಿ ಎಲ್ಲ ನಿಂತಿತ್ತು. ಬೆಳಗ್ಗೆಯಿಂದ ನಮ್ಮ ರಸ್ತೆಯಲ್ಲಿ ಒಂದು ಕಡೆ ಒಂದು ಗುಂಪು, ಇನ್ನೊಂದು ಕಡೆ ಅದನ್ನು ವಿರೋಧಿಸುವ ಗುಂಪು, ನಡುವೆ ಪೊಲೀಸರು. ಸದನ ಈಗ ಸೇರುತ್ತದೆ, ಇನ್ನೊಂದು ಗಂಟೆಗೆ ಸೇರುತ್ತದೆ ಎನ್ನುತ್ತಾ ಕತ್ತಲಾಯಿತು. ಸೇರಲೇ ಇಲ್ಲ. ನಡುರಾತ್ರಿಯ ಹೊತ್ತಿಗೆ ಪ್ರಧಾನಿ ಬಾಬುರಾಮ್ ಭಟ್ಟರಾಯರು ಟಿವಿಯಲ್ಲಿ ಹೊಸ ಚುನಾವಣೆ ಎಂದರು. ನಾಲ್ಕು ವರ್ಷದ ಸಭೆ ಒಂದು ಮಾತೂ ಆಡದೆ ಮುಗಿಯಿತು. ಮರುದಿನ ಬೆಳಿಗ್ಗೆ ಕರ್ಣಾಲಿಯ ತಾಯಿ ಬಂದರು. ಕಾಗದದ ಕಟ್ಟು ಕೈಯಲ್ಲೇ ಇತ್ತು. ಇಡ್ಲಿ ಮುಟ್ಟಲಿಲ್ಲ. ಊರಿಗೆ ಹೋಗಿ ಏನು ಹೇಳಲಿ ಎಂದು ನನ್ನನ್ನು ಕೇಳಿದರು. ನನಗೆ ಉತ್ತರ ಬರಲಿಲ್ಲ, ಚಹಾ ತಂದಿಟ್ಟೆ.

ಪೆರ್ಲದ ವಿದ್ಯಾರ್ಥಿನಿ:

ಅಣ್ಣ, ಓದಿ ಮುಗಿಸಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಅಮ್ಮನಿಗೂ ಓದಿ ಹೇಳಿದೆ. ಎರಡು ಕೇಳಬೇಕು. ಸಂವಿಧಾನ ಕೊನೆಗೆ ಬಂದದ್ದು ಎರಡನೆಯ ಸಂವಿಧಾನ ಸಭೆಯಿಂದ, 2015ರ ಸೆಪ್ಟೆಂಬರ್ 20ರಂದು, ಅಲ್ಲವೇ? ಹಾಗಾದರೆ ಮೊದಲ ಎರಡು ಸದನಗಳು ಸೋತವು ಎಂದು ಬರೆಯಲೇ? ಮತ್ತೆ, ಪಾತ್ರೆ ತೊಳೆಯುತ್ತಿದ್ದವರ ಅಣ್ಣನ ವಿಷಯ ಏನಾಯಿತು?

ಮುಳ್ಳೇರಿಯದ ಮಾಜಿ ಸೈನಿಕ:

ಅಡಿಗೆಯವರ ಬರಹಕ್ಕೆ ನನ್ನ ನಮಸ್ಕಾರ. ಅವರು ಉತ್ತರಿಸುವ ಮೊದಲು ದಕ್ಷಿಣ ಸುಡಾನಿನ ಬಗ್ಗೆ ನಾಲ್ಕು ಮಾತು. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋದ ಭಾರತದ ಬೆಟಾಲಿಯನ್ನಿನಲ್ಲಿ ನಾನು ಮಲಕಾಲ್‌ನಲ್ಲಿದ್ದೆ. ಬಿಳಿ ನೈಲ್ ನದಿಯ ದಡದ ಪೇಟೆ, 2013ರ ಡಿಸೆಂಬರಿನಲ್ಲಿ ಯುದ್ಧ ಆರಂಭವಾದ ಮೇಲೆ ಹಲವು ಸಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಪೇಟೆ. ನಮ್ಮ ಬೇಲಿಯ ಒಳಗೆ ಹತ್ತಾರು ಸಾವಿರ ಜನ ಟಾರ್ಪಾಲಿನ ಕೆಳಗೆ ಬದುಕುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿಯ ಕಪ್ಪು ಮಣ್ಣು ಮೊಣಕಾಲಿನವರೆಗೆ ಹೂಳುತ್ತದೆ, ನೀರು ತರಲು ಹೋದ ಹೆಂಗಸರ ಚಪ್ಪಲಿ ಅದರಲ್ಲೇ ಉಳಿಯುತ್ತಿತ್ತು.

ಅಲ್ಲಿಯ ಸದನವನ್ನು ನೇಪಾಳದ ಸಾಲಿನಲ್ಲಿ ಇಡುವಾಗ ಎಚ್ಚರ ಬೇಕು ತಂಗಿ. 2018ರ ಸೆಪ್ಟೆಂಬರ್ 12ರಂದು ಒಪ್ಪಂದವಾಯಿತು. ಮಧ್ಯಂತರ ಸರ್ಕಾರ ಬಂದದ್ದು 2020ರ ಫೆಬ್ರವರಿಯಲ್ಲಿ. ಸದನ ಪ್ರಮಾಣವಚನ ತೆಗೆದುಕೊಂಡದ್ದು 2021ರ ಆಗಸ್ಟಿನಲ್ಲಿ. ಸರ್ಕಾರ ಮುಂಚೆ, ಅದನ್ನು ಪ್ರಶ್ನಿಸಬೇಕಾದ ಸಭೆ ಒಂದೂವರೆ ವರ್ಷ ತಡವಾಗಿ. 550ರಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಅವರ ಸರ್ಕಾರದ ಕಡೆಗೆ 332, ಅವರ ವಿರುದ್ಧ ಯುದ್ಧ ಮಾಡಿದ ರೀಕ್ ಮಚಾರ್ ಅವರ ಕಡೆಗೆ 128, ಉಳಿದ ಗುಂಪುಗಳಿಗೆ 90. ಎಲ್ಲ ಗುಂಪುಗಳೂ ಸರ್ಕಾರದಲ್ಲಿಯೂ ಪಾಲುದಾರರು, ಎಲ್ಲರೂ ನೇಮಕವಾದವರು. ಒಂದು ಒಳ್ಳೆಯ ಸಂಗತಿ, ಮೊದಲ ಬಾರಿ ಮಹಿಳೆಯೊಬ್ಬರು, ಜೆಮ್ಮಾ ನುನು ಕುಂಬಾ, ಸಭಾಧ್ಯಕ್ಷರಾದರು. ಆದರೆ ಚುನಾವಣೆ 2024ರ ಡಿಸೆಂಬರಿಗೆ ಹೋಯಿತು, ಅಲ್ಲಿಂದ 2026ರ ಡಿಸೆಂಬರಿಗೆ. 2025ರ ಮಾರ್ಚಿನಲ್ಲಿ ಮಚಾರ್ ಅವರನ್ನು ಗೃಹಬಂಧನದಲ್ಲಿ ಇಟ್ಟರು. ಸದನದಲ್ಲಿ ಅವರ ಕಡೆಯ ಆ 128 ಕುರ್ಚಿಗಳಿದ್ದವು, ಅದನ್ನು ತಡೆಯಲಾಗಲಿಲ್ಲ.

ನೇಪಾಳದಲ್ಲಿ ಸದನ ಕೂತ ವಾರವೇ ಕಂಟೈನರಿಗೆ ಬೀಗ ಬೀಳತೊಡಗಿತು. ಮಲಕಾಲ್‌ನಲ್ಲಿ ನಾನು ಬೀಗ ಹಾಕಿದ ಕಂಟೈನರ್ ನೋಡಲಿಲ್ಲ. ನನಗೆ ಎರಡು ದೇಶಗಳ ನಡುವೆ ಕಾಣುವ ದೊಡ್ಡ ವ್ಯತ್ಯಾಸ ಅದೇ.

ಬದಿಯಡ್ಕದ ಅಡಿಗೆಯವ:

ಮಧೂರಿನ ಕಡೆ ಒಂದು ಮದುವೆಯ ಅಡಿಗೆ ಇತ್ತು, ಉತ್ತರ ತಡವಾಯಿತು.

ತಂಗೀ, ಸೋತವು ಎಂದು ಬರೆಯಬೇಡ. ಎರಡನೆಯ ಸಭೆ ಬರೆದದ್ದು ಮೊದಲನೆಯ ಸಭೆಯ ಸಮಿತಿಗಳು ಮಾಡಿಟ್ಟ ಕೆಲಸದ ಮೇಲೆ. 2012ರ ಆ ರಾತ್ರಿ ಸದನ ಇಲ್ಲವಾದಾಗಲೂ ಯಾರೂ ಕಾಡಿಗೆ ಹಿಂತಿರುಗಲಿಲ್ಲ. ಅಷ್ಟರೊಳಗೆ ಶಿಬಿರಗಳು ಖಾಲಿಯಾಗುತ್ತಾ ಬಂದಿದ್ದವು, ಹೆಚ್ಚಿನವರು ಹಣ ಪಡೆದು ಮನೆಗೆ ಹೋದರು, ಸುಮಾರು 1,400 ಜನ ಮಾತ್ರ ಸೇನೆಗೆ ಸೇರಿದರು. ಸುಮಾರು 17,000 ಜನ ಸತ್ತ ಯುದ್ಧ ಅದು. ಐದು ವರ್ಷಕ್ಕೂ ಹೆಚ್ಚು ಕಾಲ ಬೈದಾಡುತ್ತಾ ಮುನಿಸಿಕೊಳ್ಳುತ್ತಾ ಒಂದೇ ಮಾಡಿನ ಕೆಳಗೆ ಕೂತದ್ದರಿಂದಲೇ ಪುನಃ ಕೋವಿ ಎತ್ತುವ ಅಭ್ಯಾಸ ತಪ್ಪಿತು ಎಂದು ನಾನು ನಂಬಿದ್ದೇನೆ. ಅವರ ಜಗಳಗಳನ್ನು ನಾನು ಕಾವಲಿಯ ಹಿಂದೆ ನಿಂತು ಕೇಳಿದ್ದೇನೆ. ಮೂರು ವರ್ಷದ ಹಿಂದೆ ಒಬ್ಬರನ್ನೊಬ್ಬರು ಕೊಲ್ಲಲು ಹುಡುಕುತ್ತಿದ್ದವರು ಒಂದೇ ಬಟ್ಟಲಿನಿಂದ ಚಟ್ನಿ ಹಾಕಿಕೊಳ್ಳುತ್ತಿದ್ದರು.

ಅವು ಎಲ್ಲಿ ತಪ್ಪಿದವು ಎಂದರೆ, ನಿನ್ನ ಎರಡನೆಯ ಪ್ರಶ್ನೆಯಲ್ಲಿ. 2006ರ ಶಾಂತಿ ಒಪ್ಪಂದದಲ್ಲಿ ಒಂದು ಸಾಲು ಇದೆ. ಕಣ್ಮರೆಯಾದವರ, ಸತ್ತವರ ಹೆಸರು ವಿಳಾಸಗಳನ್ನು ಎರಡೂ ಕಡೆಯವರು 60 ದಿನಗಳೊಳಗೆ ಪ್ರಕಟಿಸಬೇಕು. 2007ರ ಜನವರಿಯಲ್ಲಿ ಆ ಸದನ ಪ್ರಮಾಣವಚನ ತೆಗೆದುಕೊಂಡ ವಾರವೇ ಆ 60 ದಿನ ಮುಗಿಯುತ್ತಿತ್ತು. ಹೆಸರುಗಳು ಬರಲಿಲ್ಲ. ಆ ಸದನವೂ ಅದಕ್ಕಾಗಿ ಒಂದು ಆಯೋಗ ಮಾಡಲಿಲ್ಲ, ಅದರ ನಂತರದ 601 ಜನರೂ ಮಾಡಲಿಲ್ಲ. ಕಾನೂನು ಬಂದದ್ದು 2014ರಲ್ಲಿ, ಆಯೋಗಗಳು ಕೂತದ್ದು 2015ರ ಫೆಬ್ರವರಿಯಲ್ಲಿ. 60 ದಿನ ಎಂದದ್ದು ಎಂಟು ವರ್ಷವಾಯಿತು. ಏಕೆಂದರೆ ಎರಡೂ ಕಡೆಯವರು ಒಳಗೆ ಕೂತಿದ್ದರು, ಎರಡೂ ಕಡೆಯವರಿಗೆ ಆ ಪಟ್ಟಿ ಬೇಡವಾಗಿತ್ತು. ಸಹಿ ಹಾಕದ ಹೆಂಗಸಿನ ಪಾಲಿಗೆ ಆ ಸದನ ಏನಾಗಿತ್ತು ಎಂದು ನೀನು ಕೇಳಿದೆಯಲ್ಲ, ಅವಳ ಹಟ್ಟಿಗೆ ಮತ್ತೆ ಬೆಂಕಿ ಬೀಳದಂತೆ ಅದು ನೋಡಿಕೊಂಡಿತು, ಅವಳ ಮಗ ಎಲ್ಲಿ ಎಂದು ಕೇಳಲಿಲ್ಲ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಕಣ್ಮರೆಯಾದವರು ಅತಿ ಹೆಚ್ಚು ಇರುವ ಜಿಲ್ಲೆ ಬರ್ದಿಯಾ. ನಮ್ಮ ಹುಡುಗ, ಈಗ ಅವನಿಗೂ ಮಕ್ಕಳಿದ್ದಾರೆ, ಆಯೋಗಕ್ಕೆ ಅರ್ಜಿ ಕೊಟ್ಟ. ಅದಕ್ಕೂ ಮೊದಲು ಊರಿನಲ್ಲಿ ಅತ್ತಿಗೆಗೆ ಇನ್ನೊಂದು ಕಷ್ಟ. ಗಂಡ ಸತ್ತ ಎಂಬ ಕಾಗದವಿಲ್ಲ, ಬದುಕಿದ್ದಾನೆ ಎಂಬ ಸುದ್ದಿಯಿಲ್ಲ, ಗದ್ದೆಯನ್ನು ಹೆಸರಿಗೆ ಮಾಡಿಸಲು ಹೋದಲ್ಲೆಲ್ಲ ಹಿಂದೆ ಕಳುಹಿಸಿದರು. ಆಕೆ ಇನ್ನೂ ಕುಂಕುಮ ಅಳಿಸಿಲ್ಲ.

2025ರ ಸೆಪ್ಟೆಂಬರ್ 9ರಂದು ನಯಾ ಬಾನೇಶ್ವರದ ಆ ಸಮ್ಮೇಳನ ಕೇಂದ್ರದ ಕಟ್ಟಡಕ್ಕೆ ಬೆಂಕಿ ಬಿದ್ದುದನ್ನು ನಾನು ಇಲ್ಲಿ ಮೊಬೈಲಿನಲ್ಲಿ ನೋಡಿದೆ. ಹಿಂದಿನ ದಿನ ಅದೇ ರಸ್ತೆಯಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆಗೆ ಬಂದಿದ್ದ ಕಾಲೇಜಿನ ಮಕ್ಕಳು ಗುಂಡಿಗೆ ಬಲಿಯಾಗಿದ್ದರು. ಆ ಗೇಟಿನ ಎದುರು ಎಷ್ಟು ಸಲ ಪಾರ್ಸಲ್ ಕಟ್ಟಿಕೊಂಡು ನಿಂತಿದ್ದೇನೆ. ರಾತ್ರಿ ನಿದ್ರೆ ಬರಲಿಲ್ಲ. ಆ ಮಕ್ಕಳ ತಾಯಂದಿರೂ ನೆನಪಾದರು, ಕರ್ಣಾಲಿಯ ತಾಯಿಯ ಕಾಗದದ ಕಟ್ಟೂ ನೆನಪಾಯಿತು. ಸರ್ವೋಚ್ಚ ನ್ಯಾಯಾಲಯಕ್ಕೂ ಸರ್ಕಾರದ ಕಚೇರಿಗಳಿರುವ ಸಿಂಹದರ್ಬಾರಿಗೂ ಅದೇ ದಿನ ಬೆಂಕಿ ಬಿದ್ದಿತ್ತು.

ಆ ವರ್ಷದ ದಶೈಂ ಹಬ್ಬಕ್ಕೆ ಅವನು ಫೋನ್ ಮಾಡಿದ. ನಾನು ಮೊದಲು ಕೇಳಿದ್ದು ಅಣ್ಣನ ಅರ್ಜಿಯ ವಿಷಯ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ಆದರೆ ಅದರ ರಶೀದಿ ಊರಿನ ಮನೆಯಲ್ಲಿ ಅತ್ತಿಗೆಯ ತಗಡಿನ ಪೆಟ್ಟಿಗೆಯಲ್ಲಿ ಇದೆ, ಮಳೆಗೆ ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಾಳೆ ಎಂದ. ನಿನ್ನ ಪ್ರಶ್ನೆ ಬಂದ ಮೇಲೆ ನಾನೇ ಅವನಿಗೆ ಫೋನ್ ಮಾಡಿ, ಇಲ್ಲಿ ಬರೆಯಲೇ ಎಂದು ಕೇಳಿದೆ. ಹೆಸರು ಹಾಕದೆ ಬರೆಯಿರಿ, ಆ ಹುಡುಗಿ ತರಗತಿಯಲ್ಲಿ ಹೇಳಲಿ ಎಂದಿದ್ದಾನೆ.